ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ನಟಿಯರ ಕಾರ್ಡುಗಳು: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಮೂವತ್ತು ಹಳೆಯ ಪೋಸ್ಟ್‌ಕಾರ್ಡುಗಳು ಸಿಕ್ಕಿವೆ. ಲಂಡನ್ನಿನ ಲಿಲಿ ಎಲ್ಸಿ, ಪ್ಯಾರಿಸ್ಸಿನ ಕ್ಲಿಯೊ ದ ಮೆರೋಡ್ ಮುಂತಾದ ನಟಿಯರ, ನರ್ತಕಿಯರ ಭಾವಚಿತ್ರಗಳು. ಇವು ನಿಜವಾದ ಫೋಟೊಗಳೋ, ಅಚ್ಚಿನ ಪ್ರತಿಗಳೋ? ಹೇಗೆ ಕಾಪಾಡಲಿ?

ಮೈಸೂರಿನಿಂದ: ಒಳ್ಳೆಯ ಭೂತಗನ್ನಡಿಯನ್ನು ಚಿತ್ರದ ಕೆನ್ನೆಯ ಮೇಲೆ ಹಿಡಿಯಿರಿ. ಚುಕ್ಕೆಗಳು ಸಾಲುಗಟ್ಟಿ ಕಂಡರೆ ಅಚ್ಚಿನದು. ಬೆಳಕು ನೆರಳಿನೊಳಗೆ ನಯವಾಗಿ ಕರಗಿದ್ದರೆ ಅದು ಬ್ರೋಮೈಡ್ ಫೋಟೊ, ಅಂದರೆ ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಮೂಡಿಸಿದ ನಿಜವಾದ ಫೋಟೊ, ಇರಬಹುದು. ಕಪ್ಪಾದ ಕಡೆಗಳಲ್ಲಿ, ಅಂಚಿನ ಸುತ್ತ, ನೀಲಿ ಛಾಯೆಯ ಲೋಹದ ಹೊಳಪು ಕಾಣುತ್ತದೆಯೇ? ಅದು ಕೊಳೆಯಲ್ಲ. ಚಿತ್ರದೊಳಗಿನ ಬೆಳ್ಳಿಯೇ ಕಾಲಕ್ರಮದಲ್ಲಿ ಮೇಲೆ ಬಂದಿರುವುದು. ಹಳೆಯ ಫೋಟೊ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಕಡಿಮೆ. ಗೊತ್ತಿಲ್ಲದೆ ನಾನು ಇಂಗ್ಲಿಷ್ ನಟಿ ಗೇಬ್ರಿಯಲ್ ರೇ ಅವರ ಒಂದು ಕಾರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಕೈಯಿಂದ ಬಳಿದಿದ್ದ ಗುಲಾಬಿ ಬಣ್ಣ ಬಟ್ಟೆಗೆ ಬಂದುಬಿಟ್ಟಿತು. ಇಂದಿಗೂ ಆ ಮುಖ ನೋಡಿದರೆ ಸಂಕಟವಾಗುತ್ತದೆ.

ಲಂಡನ್ನಿನಿಂದ: ಮುಖಕ್ಕೆ ಮರುಳಾಗಿ ಬೆನ್ನನ್ನು ಮರೆಯಬೇಡಿ. ಬೆನ್ನಿನ ಎಡಗಡೆ ಒಕ್ಕಣೆ, ಬಲಗಡೆ ವಿಳಾಸ ಬರೆಯಲು ಬ್ರಿಟನ್ 1902ರಲ್ಲಿ ಅನುಮತಿ ಕೊಟ್ಟಿತು, ಅಮೆರಿಕ 1907ರಲ್ಲಿ. ಬೆನ್ನು ಇಡೀ ವಿಳಾಸಕ್ಕೇ ಮೀಸಲಾಗಿದ್ದರೆ ಕಾರ್ಡು ಬಹುಶಃ ಅದಕ್ಕಿಂತ ಹಳೆಯದು. ‘ರೋಟರಿ’ ಎಂದಿದ್ದರೆ ಲಂಡನ್ನಿನ ಪ್ರಕಾಶಕರು, ‘ರಾಯಿಟ್ಲಿಂಗರ್’ ಎಂದಿದ್ದರೆ ಪ್ಯಾರಿಸ್ಸಿನ ಸ್ಟುಡಿಯೊ. ಆದರೆ ಅಂಚೆ ಮುದ್ರೆಯ ತಾರೀಖನ್ನು ಚಿತ್ರ ತೆಗೆದ ತಾರೀಖೆಂದು ನಂಬಬೇಡಿ; ಒಂದೇ ನೆಗೆಟಿವಿನಿಂದ ವರ್ಷಗಟ್ಟಲೆ ಪ್ರತಿ ತೆಗೆಯುತ್ತಿದ್ದರು.

ಸಾಗರದಿಂದ: ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದೇ ದೊಡ್ಡ ಶತ್ರು. ಅಂಟಿನ ಆಲ್ಬಂ ಬೇಡ, ಪಿವಿಸಿ ಪ್ಲಾಸ್ಟಿಕ್ ಹಾಳೆ ಬೇಡ. ಪಾಲಿಯೆಸ್ಟರ್ ಲಕೋಟೆ, ಆಮ್ಲರಹಿತ ಕಾಗದದ ಪೆಟ್ಟಿಗೆ, ತೇವ ಹೀರುವ ಸಿಲಿಕಾ ಜೆಲ್ ಸಾಕು. ಬರೆಯಲೇಬೇಕಿದ್ದರೆ ಬೆನ್ನಿನ ಅಂಚಿನಲ್ಲಿ ಮೆದು ಪೆನ್ಸಿಲ್‌ನಿಂದ ಮಾತ್ರ. ಗೋಡೆಗೆ ಸ್ಕ್ಯಾನ್ ಮಾಡಿದ ಪ್ರತಿಯನ್ನು ಹಾಕಿ, ಮೂಲವನ್ನು ಕತ್ತಲಲ್ಲಿಡಿ.

ಮತ್ತೆ ಮೈಸೂರಿನಿಂದ: ಒಂದು ಕೋರಿಕೆ. ಆ ಮೂವತ್ತರಲ್ಲಿ ಗೌಹರ್ ಜಾನ್ ಇದ್ದಾರೆಯೇ? ಹಾಡು, ನೃತ್ಯ ಎರಡರಲ್ಲೂ ಹೆಸರಾಗಿದ್ದ ಅವರ ಚಿತ್ರ ಪೋಸ್ಟ್‌ಕಾರ್ಡುಗಳಲ್ಲಿ ಮಾತ್ರವಲ್ಲ, ಬೆಂಕಿಪೊಟ್ಟಣಗಳ ಮೇಲೂ ಬರುತ್ತಿತ್ತು. ಕೊನೆಯ ದಿನಗಳನ್ನು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ನಮ್ಮ ಊರಿನಲ್ಲೇ ತೀರಿಕೊಂಡರು. ಅವರ ಒಂದು ಕಾರ್ಡು ಸಿಕ್ಕರೂ ದಯವಿಟ್ಟು ಎರಡೂ ಬದಿಯನ್ನು ತೋರಿಸಿ.