ಅಪ್ಪನ ಕಾಲಿನ ರಕ್ತನಾಳ ಗಟ್ಟಿಯಾಗಿದೆ ಅಂದ್ರು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನಾರ್ಮಲ್ ಇದ್ರೂ ಹೆಂಗೆ?

ತೆಂಗಿನತೋಟ:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 63, ಊರು ಅರಸೀಕೆರೆ ಹತ್ರ. ಮನೆಯಿಂದ ತೋಟಕ್ಕೆ ಹೋಗೋ ದಾರೀಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ, ಒಂದು ವರ್ಷದಿಂದ ದಿನಾ ಅಲ್ಲಿಗೆ ಬರ್ತಿದ್ದಂಗೆ ನಿಂತ್ಕೊಂಡು ಪಂಚೆ ಬಿಚ್ಚಿ ಕಟ್ಟೋರು, ಇಲ್ಲಾಂದ್ರೆ ಬೀಡಿ ಹಚ್ಚೋರು, ಎರಡು ನಿಮಿಷ ಬಿಟ್ಟು ಏನೂ ಆಗದೋರ ಥರ ನಡ್ಯೋರು. ನಾವು ಅಭ್ಯಾಸ ಅನ್ಕೊಂಡಿದ್ವಿ. ಹೋದ ತಿಂಗಳು ಅಮ್ಮ ಗದರಿ ಕೇಳಿದಾಗ್ಲೇ ಬಾಯಿ ಬಿಟ್ಟಿದ್ದು, ಎಡಗಾಲಿನ ಮೀನಖಂಡ ಹಿಂಡಿದಂಗೆ ಆಗುತ್ತೆ, ನಿಂತ್ರೆ ಹೋಗುತ್ತೆ ಅಂತ.

ಡಾಪ್ಲರ್ ಸ್ಕ್ಯಾನ್ ಮಾಡಿಸಿದ್ರೆ ತೊಡೆ ನಾಳದಲ್ಲಿ 70 ಪರ್ಸೆಂಟ್ ಬ್ಲಾಕ್. ಕೈಯಲ್ಲಿ ಬಿಪಿ 150, ಪಾದದ ಹತ್ರ 96. ಶುಗರ್ ಇಲ್ಲ. ಎಲ್‌ಡಿಎಲ್ 118, ಲ್ಯಾಬ್ ಚೀಟೀಲಿ ನಾರ್ಮಲ್ ಅಂತಾನೇ ಇದೆ. ಡಾಕ್ಟ್ರು ಕೊಲೆಸ್ಟ್ರಾಲ್ ಇಳಿಸೋ ಸ್ಟಾಟಿನ್ ಮಾತ್ರೆ ಅಟೋರ್ವಾಸ್ಟಾಟಿನ್ 40, ರಕ್ತ ಹೆಪ್ಪುಗಟ್ಟದಂಗೆ ಕ್ಲೋಪಿಡೋಗ್ರೆಲ್, ನಡೆಯೋವಾಗಿನ ನೋವಿಗೆ ಸಿಲೋಸ್ಟಜೋಲ್ ಬರ್ದು, ಬೀಡಿ ಬಿಡಿ, ಚೆನ್ನಾಗಿ ನಡೀರಿ, ಮೂರು ತಿಂಗಳಿಗೆ ಬನ್ನಿ ಅಂದ್ರು. ನಡೆದ್ರೆ ತಾನೇ ನೋವು? ಸ್ಟೆಂಟ್ ಯಾಕೆ ಹಾಕ್ಲಿಲ್ಲ? ಇದರ ಮಧ್ಯೆ ನಮ್ಮ ಮಾವ ಶುಂಠಿ ಬೆಳ್ಳುಳ್ಳಿ ನಿಂಬೆ ವಿನೆಗರ್ ಕಷಾಯದ ಫಾರ್ವರ್ಡ್ ಕಳ್ಸಿ ಬ್ಲಾಕು ಕರಗೋಗುತ್ತೆ ಅಂತಾವ್ರೆ.

ಕ್ಯಾಥ್‌ಲ್ಯಾಬ್ ಅಕ್ಕ:
ಹದಿನಾಲ್ಕು ವರ್ಷದಿಂದ ಕ್ಯಾಥ್ ಲ್ಯಾಬಲ್ಲಿ (ಆಂಜಿಯೋಗ್ರಾಂ, ಸ್ಟೆಂಟ್ ಮಾಡೋ ಜಾಗ) ನರ್ಸ್ ನಾನು, ಡಾಕ್ಟರ್ ಅಲ್ಲ, ಅದು ನೆನಪಿರ್ಲಿ. ದಿನಾ ಅದೇ ಜಾಗಕ್ಕೆ ನಿಲ್ತಿದ್ರಲ್ಲ, ಅದೇ ಇದರ ಗುರುತು. ಇಷ್ಟು ದೂರ ನಡೆದ್ರೆ ನೋವು ಅಂತ ಕಾಲಿಗೆ ಒಂದು ಲೆಕ್ಕ ಇರುತ್ತೆ. 96ನ 150ರಿಂದ ಭಾಗಿಸಿ, 0.64. ಅದು 0.9ಕ್ಕಿಂತ ಕಮ್ಮಿ ಆದ್ರೆ ಕಾಲಿನ ನಾಳ ಕಿರಿದಾಗಿದೆ ಅಂತ ಅರ್ಥ.

ಪೈಪಲ್ಲಿ ಪಾಚಿ ಕಟ್ಟೋ ಚಿತ್ರ ತಲೆಯಿಂದ ತೆಗೀರಿ. ಕೊಬ್ಬು ಸೇರೋದು ನಾಳದ ಗೋಡೆ ಒಳಗೆ. ಒಳಮೈಗೆ ತೆಳ್ಳಗೆ ಒಂದು ಪದರ ಇರುತ್ತೆ, ಬೀಡಿ ಹೊಗೆ, ಬಿಪಿ, ಶುಗರ್ ಎಲ್ಲಾ ಸೇರಿ ಅದನ್ನ ಕೆಡಿಸ್ತವೆ, ಆಗ ಎಲ್‌ಡಿಎಲ್ ಅದರಡಿಗೆ ನುಸುಳಿ ಅಲ್ಲೇ ಕೂತು ಹಾಳಾಗುತ್ತೆ, ಅದನ್ನ ತೆಗೆಯೋಕೆ ಬಂದ ಬಿಳಿ ರಕ್ತಕಣ ತಿಂದು ತಿಂದು ಉಬ್ಬಿ ಅಲ್ಲೇ ಸಾಯ್ತವೆ, ಅದರ ಮೇಲೆ ನಾರಿನ ಮುಚ್ಚಳ ಬೆಳೆಯುತ್ತೆ, ಆಮೇಲೆ ಕ್ಯಾಲ್ಸಿಯಂ ಕೂತು ಗಟ್ಟಿ ಆಗುತ್ತೆ. ಆ ಮುಚ್ಚಳ ಒಡೆದು ಮೇಲೆ ರಕ್ತ ಹೆಪ್ಪುಗಟ್ಟಿದ್ರೆ ಹಾರ್ಟಲ್ಲಾದ್ರೆ ಅಟ್ಯಾಕ್, ತಲೇಲಾದ್ರೆ ಸ್ಟ್ರೋಕ್. ಇದೇನು 60ಕ್ಕೆ ಶುರುವಾಗೋದಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹಾರ್ಟ್ ಕೊಯ್ದು ನೋಡಿ 1953ರಲ್ಲಿ ಬರೆದಿದ್ರು, ಸರಾಸರಿ ವಯಸ್ಸು 22, ಅವರಲ್ಲಿ 77 ಪರ್ಸೆಂಟ್ ಹುಡುಗ್ರಿಗೆ ಆಗ್ಲೇ ಇದರ ಕುರುಹು ಇತ್ತು.

ಲ್ಯಾಬಿನ ನಾರ್ಮಲ್ ಇರೋದು ಕಾಯಿಲೆ ಇಲ್ದೋರಿಗೆ. ಬ್ಲಾಕ್ ಇರೋರಿಗೆ ಎಲ್‌ಡಿಎಲ್ 70ರ ಕೆಳಗೆ, ಈಗೀಗ 55ರ ಕೆಳಗೇ ಬರ್ಲಿ ಅಂತಾರೆ.

ಸ್ಟೆಂಟ್ ವಿಷ್ಯ. ತಮಾಷೆ ಅಂದ್ರೆ ಆಂಜಿಯೋಪ್ಲಾಸ್ಟಿ ಹುಟ್ಟಿದ್ದೇ ಕಾಲಲ್ಲಿ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿ ಚಾರ್ಲ್ಸ್ ಡಾಟರ್ ಅನ್ನೋ ಡಾಕ್ಟರು, ಕಾಲು ಕತ್ತರಿಸೋಕೆ ಬಿಡಲ್ಲ ಅಂತ ಹಠ ಹಿಡಿದ 82ರ ಅಜ್ಜೀದು ಇದೇ ತೊಡೆ ನಾಳಾನ ಒಳಗಿಂದ ಅಗಲ ಮಾಡಿದ್ರು. ಹಾರ್ಟಿನ ನಾಳಾನ ಬಲೂನ್ ಉಬ್ಬಿಸಿ ಅಗಲ ಮಾಡೋದು ಬಂದಿದ್ದು 1977ಕ್ಕೆ. ಆದ್ರೆ ತೊಡೆ ನಾಳ ಕೂತ್ರೆ ಎದ್ರೆ ಮಡಚಿ ತಿರುಚುತ್ತೆ, ಅಲ್ಲಿ ಹಾಕಿದ ಸ್ಟೆಂಟ್ ಮತ್ತೆ ಕಟ್ಕೊಳೋದು ಜಾಸ್ತಿ. ಸುಮ್ನೆ ಕೂತಾಗ್ಲೂ ನೋವು, ಬೆರಳಲ್ಲಿ ಮಾಯದ ಗಾಯ ಇದ್ರೆ ಬೇರೆ ಮಾತು. ದಿಢೀರ್ ಅಂತ ಕಾಲು ತಣ್ಣಗಾಗಿ ಬಿಳಚಿಕೊಂಡು ಜೋಮು ಹಿಡಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರೀನೇ ದೊಡ್ಡಾಸ್ಪತ್ರೆಗೆ ಓಡಿ. ಇನ್ನೊಂದು, ಹಾರ್ಟ್ ಫೇಲ್ಯೂರ್ ಇರೋರಿಗೆ ಸಿಲೋಸ್ಟಜೋಲ್ ಕೊಡಲ್ಲ, ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿದಾರಾ ಕೇಳ್ಕೊಳಿ.

ಹುಬ್ಬಳ್ಳಿ ಮಂದಿ:
ನನಗೂ ಇದ ಆಗಿತ್ರಿ, 58ನೇ ವಯಸ್ಸಿನ್ಯಾಗ. ನಡದ್ರ ನೋವು, ನಡೀರಿ ಅಂದ್ರ ಹೆಂಗ ಅಂತ ಡಾಕ್ಟರ್ ಜೋಡಿ ಜಗಳಾನ ಮಾಡಿದ್ದೆ. ಅದಕ್ಕೊಂದು ಪದ್ಧತಿ ಐತಿ. ನೋವು ಜೋರ ಆಗೂತನಕ ನಡೀಬೇಕು, ನಿಂದ್ರಬೇಕು, ಪೂರ್ತಿ ಹೋದಮ್ಯಾಲೆ ಮತ್ತ ನಡೀಬೇಕು. ನಿಂತಿದ್ದೂ ಹಿಡದು 45 ನಿಮಿಷ, ವಾರಕ್ಕ ಕಡಿಮಿ ಅಂದ್ರ ಮೂರ ದಿನ, ಹನ್ನೆರಡ ವಾರ. ಕೆರಿ ದಂಡಿ ಮ್ಯಾಲೆ ಮೊದಲ ವಾರ ಎರಡನೇ ಬೆಂಚಿಗೆ ಕುಂತಬಿಟ್ಟಿದ್ದೆ, ಮೂರ ತಿಂಗಳಿಗೆ ಒಂಬತ್ತನೇ ಬೆಂಚ್ ದಾಟಿದೆ. ಬ್ಲಾಕ್ ಇದ್ದಲ್ಲೇ ಐತಿ, ಆದ್ರ ಸ್ನಾಯು ಪಳಗತೈತಂತ, ಸುತ್ತಲಿನ ಸಣ್ಣ ನಾಳಾನೂ ಹಿಗ್ಗಿ ರಕ್ತಾ ಒಯ್ತಾವಂತ. ನಿಮ್ಮ ಅಪ್ಪಾರಿಗೆ ಬರಿಗಾಲಿಲೆ ತೋಟಕ್ಕ ಹೋಗಬ್ಯಾಡ್ರಿ ಅನ್ರಿ, ಮುಳ್ಳ ನಟ್ರ ಗಾಯ ಲಗೂ ಮಾಯಂಗಿಲ್ಲ.

ಮನೆಮದ್ದು ಪ್ರಿಯ:
ಸ್ಟಾಟಿನ್ ಕೆಮಿಕಲ್ ಸ್ವಾಮಿ, ಲಿವರ್ ಹಾಳು. ನ್ಯಾಚುರಲ್ ಆಗಿರೋದು ಕೊಡಿ, ಕಷಾಯದಿಂದ ಯಾರೂ ಸತ್ತಿಲ್ಲ.

ಕ್ಯಾಥ್‌ಲ್ಯಾಬ್ ಅಕ್ಕ:
ಸರ್, ನ್ಯಾಚುರಲ್ಲೇ ಬೇಕು ಅಂದ್ರೆ ಸ್ಟಾಟಿನ್ ಹುಟ್ಟಿದ್ದೂ ಬೂಷ್ಟಿಂದಾನೇ. ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟು ತಡಕಾಡಿ 1973ರಲ್ಲಿ ಮೊದಲನೇದನ್ನ ಕಂಡ್ಹಿಡಿದಿದ್ದು. ಲಿವರ್‌ಗೆ ತೊಂದ್ರೆ ಆಗೋದು ಅಪರೂಪ, ಬ್ಲಡ್ ಟೆಸ್ಟಲ್ಲಿ ಗೊತ್ತಾಗುತ್ತೆ, ಮೈಕೈ ನೋವು ಬಂದ್ರೆ ಡಾಕ್ಟ್ರಿಗೆ ಹೇಳ್ಬೇಕು ಅಷ್ಟೇ. ಕರಗೋ ಮಾತಿಗೆ ಬಂದ್ರೆ, ದೊಡ್ಡ ಡೋಸ್ ಸ್ಟಾಟಿನ್ ಎರಡು ವರ್ಷ ಕೊಟ್ಟು ನೋಡಿದ ಸ್ಟಡೀಲೇ ಗೋಡೆಯೊಳಗಿನ ಕೊಬ್ಬು ಇಳಿದಿದ್ದು ಸುಮಾರು 1 ಪರ್ಸೆಂಟ್, ಕಷಾಯ ಏನು ಕರಗಿಸೀತು? ಮಾತ್ರೆ ಮಾಡೋ ದೊಡ್ಡ ಕೆಲಸ ಆ ಮುಚ್ಚಳ ಒಡೀದಂಗೆ ಬಿಗಿ ಮಾಡೋದು. ಅಡುಗೇಲಿ ಬೆಳ್ಳುಳ್ಳಿ ಹಾಕ್ಕೊಳಿ, ಯಾರೂ ಬೇಡ ಅನ್ನಲ್ಲ, ಆದ್ರೆ ಕ್ಲೋಪಿಡೋಗ್ರೆಲ್ ಜೊತೆ ಲೋಟಗಟ್ಟಲೆ ಕುಡಿದ್ರೆ ರಕ್ತ ಸೋರೋ ರಿಸ್ಕ್ ಜಾಸ್ತಿ.

ತೆಂಗಿನತೋಟ:
ಎಲ್ರಿಗೂ ಥ್ಯಾಂಕ್ಸ್. ಅಪ್ಪಂಗೆ ಪೂರ್ತಿ ಓದಿ ಹೇಳ್ದೆ. ಎಕೋ ಮಾಡ್ಸಿಲ್ಲ, ಸೋಮವಾರ ಕರ್ಕೊಂಡ್ ಹೋಗ್ತೀನಿ. ನಡಿಯೋಕೆ ಒಪ್ಪವ್ರೆ, ಹೊಸ ಚಪ್ಪಲಿಗೂ ಒಪ್ಪವ್ರೆ. ಟ್ರಾನ್ಸ್‌ಫಾರ್ಮರ್ ಹತ್ರ ನಿಂತಾಗ ಒಂದೇ ಒಂದು ಬೀಡಿ ಸೇದಬೋದಾ ಕೇಳು ಅಂತಾವ್ರೆ.

ಹುಬ್ಬಳ್ಳಿ ಮಂದಿ:
ಪಂಚೆ ಬೇಕಾದ್ರ ಎರಡ ಸಲ ಕಟ್ಟಲ್ರಿ.