ಕೂರ್ಮಗಡ ಜಾತ್ರಿಗೆ ಅವ್ವನ್ನ ದೋಣ್ಯಾಗ ಕರ್ಕೊಂಡು ಹೋಗಬಹುದಾ?

ಧಾರವಾಡ_ಪೇಢಾ:
ನಮಸ್ಕಾರ ಎಲ್ಲಾರಿಗೂ. ಬನದ ಹುಣ್ಣಿವಿಗೆ ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರಿಗೆ ಹೋಗಬೇಕಂತ ಮಾಡೀವಿ, ಅವ್ವ ಹರಕಿ ಹೊತ್ತಾಳ. ಅಕಿಗೆ 63, ಮೊಣಕಾಲು ನೋವು ಐತಿ, ಸಮುದ್ರ ನೋಡಿದ್ದು ಗೋಕರ್ಣದಾಗ ಒಂದ ಸಲ, ದೋಣಿ ಅಂತೂ ಹತ್ತೇ ಇಲ್ಲ. ಜೊತಿಗೆ 7 ವರ್ಷದ ಮಗಳು. 2019ರಾಗ ಇದೇ ಜಾತ್ರಿಯಿಂದ ವಾಪಸ್ ಬರೋವಾಗ ದೋಣಿ ಮುಳುಗಿ 16 ಮಂದಿ ಹೋದ್ರಲ್ರೀ, ಹಾವೇರಿ ಕಡೆ ಒಂದ ಕುಟುಂಬದವರು ಇದ್ರು ಅದರಾಗ, ಅದು ನೆನಪಾದ್ರ ಕೈಕಾಲು ನಡಗ್ತಾವ. ಹೋಗಬೇಕೋ ಬ್ಯಾಡೋ? ದ್ವೀಪದಾಗ ಇಳಿಯೋದು ಹೆಂಗೈತಿ? ಗೊತ್ತಿದ್ದವ್ರು ಹೇಳ್ರಿ.

ಕಾಳಿ_ಅಳಿವೆ:
ನಮ್ದು ಕಾರವಾರದ ಮೀನುಗಾರರ ಮನೆ, ಚಿಕ್ಕವನಿದ್ದಾಗಿಂದ ಈ ಜಾತ್ರೆಗೆ ಹೋಗ್ತಾ ಬಂದಿದೇನೆ. ಹೋಗಿ ಸರ್, ಆದ್ರೆ ಟೈಮ್ ನೋಡ್ಕೊಂಡು ಹೋಗಿ. ಎಲ್ರೂ ಹೋಗೋದರ ಬಗ್ಗೆ ಕೇಳ್ತಾರೆ, ಬರೋದರ ಬಗ್ಗೆ ಯಾರೂ ಕೇಳೋದಿಲ್ಲ, ಅಪಾಯ ಇರೋದು ಅಲ್ಲೇ. ಜಾತ್ರೆ ಹುಣ್ಣಿಮೆಗೇ ಆಗೋದು ಅಲ್ವಾ, ಹುಣ್ಣಿಮೆ ಅಮಾಸೆಗೆ ಉಬ್ಬರ ಇಳಿತ ಎರಡೂ ಜೋರು. ನಮ್ಮ ಕಡೆ ಹುಣ್ಣಿಮೆ ದಿನ ನೀರು ತುಂಬೋದು ಹೆಚ್ಚುಕಮ್ಮಿ ಮಧ್ಯಾಹ್ನದ ಹತ್ರ, ಆಮೇಲೆ ಸಂಜೆವರೆಗೂ ಇಳಿತ. ಆ ಹೊತ್ತಿಗೆ ಕಾಳಿ ನದಿ ನೀರು ಸೆಳೆದುಕೊಂಡು ಹೊರಗೆ ಬರ್ತಿರ್ತದೆ, ಎದುರಿಗೆ ಸಮುದ್ರದ ತೆರೆ ಒಳಗೆ ನುಗ್ತಿರ್ತದೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಗಾಳಿನೂ ಏಳ್ತದೆ, ಮೂರೂ ಸೇರಿದ್ರೆ ಅಳಿವೆ ಬಾಯಲ್ಲಿ ತೆರೆ ಗೋಡೆ ಹಾಗೆ ನೆಟ್ಟಗೆ ನಿಲ್ತದೆ. ಬೆಳಿಗ್ಗೆ ಕೆರೆ ಹಾಗೆ ಇದ್ದ ನೀರೇ ಅದು. ಅದಕ್ಕೆ ಬೆಳಿಗ್ಗೆ ಬೇಗ ಹೋಗಿ, ದರ್ಶನ ಮಾಡಿ, ಊಟಕ್ಕೆ ಕಾಯದೆ ಹೊರಟು ಬನ್ನಿ.

ದೋಣಿ ತುಂಬಿದೆ ಅನಿಸಿದ್ರೆ ಹತ್ತಬೇಡಿ, ಮುಂದಿಂದು ಬರ್ಲಿ. ಲೈಫ್ ಜಾಕೆಟ್ ಕೈಯಲ್ಲಿ ಹಿಡ್ಕೊಂಡು ಕೂರೋದಲ್ಲ, ಬಕಲ್ ಹಾಕಿರಬೇಕು. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದ್ರೆ ನೀರಲ್ಲಿ ತಲೆ ಮೇಲಿಂದ ಜಾರಿ ಹೋಗ್ತದೆ, ಮಗಳ ಅಳತೆದು ಹುಬ್ಬಳ್ಳಿಯಲ್ಲೇ ಖರೀದಿ ಮಾಡಿ ತನ್ನಿ. ಸೆಲ್ಫಿಗೆ ಅಂತ ಎಲ್ರೂ ಒಂದೇ ಬದಿಗೆ ಎದ್ದು ನಿಂತ್ರೆ ನೀವಾದ್ರೂ ಜೋರಾಗಿ ಕೂಗಿ ಕೂರಿಸಿ, ನಾಚ್ಕೋಬೇಡಿ.

ಮಲೆನಾಡ_ಮಳೆ:
ನಾನು ನಮ್ಮ ಅತ್ತೆಯವ್ರನ್ನ ಕರ್ಕೊಂಡು ಹೋಗಿದ್ದೆ, ಅವ್ರಿಗೂ ಮೊಣಕಾಲು ನೋವೇ. ದೋಣಿಲಿ ಆರಾಮಾಗೇ ಕೂತಿದ್ರು, ಕಷ್ಟ ಆಗಿದ್ದು ಇಳಿಯುವಾಗ. ದೋಣಿ ಮೂತಿ ಬಂಡೆ ಹತ್ರ ತಂದು ಹುಡುಗ್ರು ಎದೆಮಟ್ಟ ನೀರಲ್ಲಿ ಹಗ್ಗ ಹಿಡಿದು ನಿಂತಿದ್ರು, ತೆರೆ ಬಂದಾಗ ದೋಣಿ ಅಂಚು ಬಂಡೆ ಮಟ್ಟಕ್ಕೆ ಏಳ್ತದೆ, ಮರುಕ್ಷಣ ಎರಡು ಅಡಿ ಕೆಳಗೆ. ಅತ್ತೆ ದೋಣಿ ಕೆಳಗೆ ಹೋದಾಗ ಕಾಲು ಚಾಚಿಬಿಟ್ರು, ಒಬ್ಬ ಹುಡುಗ ರಟ್ಟೆ ಹಿಡಿದು ಎಳ್ಕೊಂಡ, ಇಲ್ಲಾಂದ್ರೆ ಕಾಲು ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿಬಿಡ್ತಿತ್ತು. ದೋಣಿ ಮೇಲೆ ಎದ್ದಾಗಲೇ ಕಾಲು ಇಡ್ಬೇಕು, ಅವ್ರು "ಹಾಂ ಈಗ" ಅಂತಾರೆ, ಅಲ್ಲಿವರೆಗೂ ಅಲ್ಲಾಡಬಾರದು. ಎರಡೂ ಕೈ ಖಾಲಿ ಇರ್ಲಿ, ಹಣ್ಣುಕಾಯಿ ಚೀಲ ಬೇರೆಯವ್ರ ಹತ್ರ ಕೊಡಿ. ಬಂಡೆ ಮೇಲೆ ಪಾಚಿ, ಚಿಪ್ಪಂತೂ ಬ್ಲೇಡ್ ಇದ್ದಂಗೆ, ಬರಿಗಾಲು ಬೇಡ, ಹಿಂದೆ ಬೆಲ್ಟ್ ಇರೋ ಚಪ್ಪಲಿ ಹಾಕ್ಸಿ. ಆಮೇಲೆ ಗುಡಿಗೆ ಏರು ಇದೆ, ಕೂತು ಕೂತು ಹತ್ತಿದ್ರು ಪಾಪ, ಆದ್ರೆ ಮೇಲೆ ಹೋದ್ಮೇಲೆ ದೇವಗಡ ದ್ವೀಪದ ಲೈಟ್‌ಹೌಸ್ ಕಾಣಿಸ್ತು, ಅತ್ತೆ ಅದನ್ನ ಇವತ್ತಿಗೂ ಹೇಳ್ತಾರೆ.

ಸ್ಕೂಬಾ_ಮಂಜ:
ಮೇಲೆ ಹೇಳಿದ್ದು ಪೂರ್ತಿ ಸರಿ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗ್ತೀವಲ್ಲ, ಸುಮಾರು 19 ಕಿ.ಮೀ., ಅಲ್ಲೂ ಬೆಳಿಗ್ಗೆನೇ ಹೋಗಿ ಮಧ್ಯಾಹ್ನದೊಳಗೆ ವಾಪಸ್. ವಾಂತಿ ಬರೋರಿದ್ರೆ ಡಾಕ್ಟರ್ ಕೇಳಿ ಮಾತ್ರೆ ತಗೊಳ್ಳಿ, ಹತ್ತೋಕೆ ಒಂದು ಗಂಟೆ ಮೊದ್ಲೇ ನುಂಗ್ಬೇಕು. ಹೊಟ್ಟೆ ಪೂರ್ತಿ ಖಾಲಿ ಬೇಡ.

ಧಾರವಾಡ_ಪೇಢಾ:
ಭಾಳ ಉಪಕಾರ ಆತ್ರೀ ಎಲ್ಲಾರದೂ. ಅವ್ವಗ ಎಲ್ಲಾ ಓದಿ ಹೇಳಿದೆ, "ದೋಣಿ ಮ್ಯಾಲೆ ಎದ್ದಾಗ ಕಾಲಿಡಬೇಕು" ಅನ್ನೋದನ್ನ ಎರಡು ಸಲ ಹೇಳಿಸಿಕೊಂಡ್ಲು. ಮಗಳನ್ನ ಈ ಸಲ ಅಕ್ಕನ ಮನ್ಯಾಗ ಬಿಟ್ಟು ಹೋಗ್ತೀವಿ. ಕಾಳಿ_ಅಳಿವೆ ಅಣ್ಣಾ, ಹಿಂದಿನ ದಿನಾನ ಬಂದು ಕಾರವಾರದಾಗ ಉಳಿದ್ರ ಬೆಳಿಗ್ಗೆ ಮೊದಲನೇ ದೋಣಿ ಸಿಗತೈತಿ?

ಕಾಳಿ_ಅಳಿವೆ:
ಸಿಗ್ತದೆ ಸರ್. ಆದ್ರೆ ಅವತ್ತು ಬೆಳಿಗ್ಗೆ ಗಾಳಿ ಇದೆ ಅಂತ ದೋಣಿಯವ್ರು ಅಂದ್ರೆ ಒತ್ತಾಯ ಮಾಡಬೇಡಿ, ದಡದಿಂದ್ಲೇ ಕೈಮುಗಿದು ಕಾಯಿ ಅವರ ಕೈಗೆ ಕೊಡಿ, ಒಯ್ದು ಒಡೆಸ್ತಾರೆ. ನಮ್ಮ ಅಜ್ಜಿ ಕೊನೆಕೊನೆಗೆ ಹಾಗೇ ಮಾಡ್ತಿದ್ರು.