‘ಇಲಿ ಬಿದ್ದ’ ವರ್ಷಗಳಲ್ಲಿ ಊರು ಬಿಡುತ್ತಿದ್ದುದು ಏಕೆ?

ಪ್ರಶ್ನೆ
ಹಳೆ ಮೈಸೂರು ಸೀಮೆಯ ನಮ್ಮ ಹಿರಿಯರು ಇಸವಿ ಹೇಳುತ್ತಿರಲಿಲ್ಲ, ಪ್ಲೇಗ್ ಬಂದ ವರ್ಷವನ್ನು ‘ಇಲಿ ಬಿದ್ದ ವರ್ಷ’ ಎನ್ನುತ್ತಿದ್ದರು. ಮನೆಯೊಳಗೆ ಸತ್ತ ಇಲಿ ಕಂಡ ಕೂಡಲೇ ದನಕರು, ಪಾತ್ರೆಪಗಡೆ, ಒಂದಿಷ್ಟು ರಾಗಿ ಕಟ್ಟಿಕೊಂಡು ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋಗಿ ತಿಂಗಳುಗಟ್ಟಲೆ ಇರುತ್ತಿತ್ತಂತೆ. ಇದು ಬರಿಯ ಭಯವೇ, ಅಥವಾ ಇದರಿಂದ ನಿಜವಾಗಿ ಜೀವ ಉಳಿಯುತ್ತಿತ್ತೇ?

ಉತ್ತರ 1
ಉಳಿಯುತ್ತಿತ್ತು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ. ಇಲಿ ಸತ್ತು ತಣ್ಣಗಾದ ಮೇಲೆ ಅದು ಬೇರೆ ಬಿಸಿರಕ್ತವನ್ನು ಹುಡುಕಿಕೊಂಡು ಮನುಷ್ಯನನ್ನು ಕಚ್ಚುತ್ತದೆ. ಆದ್ದರಿಂದ ಸತ್ತ ಇಲಿಯನ್ನೇ ಎಚ್ಚರಿಕೆಯೆಂದು ತಿಳಿದು, ಜನ ಹಾಸಿಗೆ ಹಿಡಿಯುವ ಮೊದಲೇ ಮನೆ ಬಿಟ್ಟವರ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಚಿಗಟದ ಪಾತ್ರವನ್ನು ಸಿಮೋಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟ ವರ್ಷವೇ. ಆದರೆ ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷಗಳು ಹಿಡಿದವು. ಅದೇ ವರ್ಷ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಸರ್ಕಾರದ ಪ್ಲೇಗ್ ತಡೆ ಕ್ರಮಗಳ ವಿರುದ್ಧ ಜನ ದೊಂಬಿಯೆದ್ದರು. ತಾವಾಗಿ ಊರು ಬಿಡುವುದು ಒಂದು, ಮನೆಗೆ ನುಗ್ಗಿ ರೋಗಿಯನ್ನು ಎಳೆದೊಯ್ಯುವುದು ಇನ್ನೊಂದು. ಒಂದು ತೊಡಕೂ ಇತ್ತು: ಕಾಳಿನ ಮೂಟೆಯೊಂದಿಗೆ ಚಿಗಟವೂ ಗುಡಿಸಲಿಗೆ ಬಂದುಬಿಡಬಹುದಿತ್ತು.

ಉತ್ತರ 2
ಬಯಲುಸೀಮೆಯವರಿಗೆ ಬಿಟ್ಟುಹೋಗಲು ಒಂದು ಜಾಗವಾದರೂ ಇತ್ತು. ನಮ್ಮ ಮಲೆನಾಡಿನ ಚಳಿಜ್ವರ ಮನೆಯೊಳಗಲ್ಲ, ಗದ್ದೆಯ ಅಂಚಿನ ಹಳ್ಳದಲ್ಲಿಯೇ ಇತ್ತು. ಇಲ್ಲಿ ಮಲೇರಿಯಾ ಹರಡುವ ಸೊಳ್ಳೆ ಕೊಚ್ಚೆಯಲ್ಲಲ್ಲ, ನಿಧಾನವಾಗಿ ಹರಿಯುವ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ನಾಟಿಯನ್ನು ಬಿಟ್ಟು ಯಾರು ಎಲ್ಲಿಗೆ ಹೋಗುವುದು? ಮತ್ತೆ ಮತ್ತೆ ಜ್ವರ ಬಂದು ಗುಲ್ಮ ಊದಿಕೊಂಡ ಮಕ್ಕಳ ಹೊಟ್ಟೆಯನ್ನು ಮುಟ್ಟಿ ‘ಜ್ವರಗಡ್ಡೆ’ ಎನ್ನುತ್ತಿದ್ದರು. ಕ್ವಿನೈನ್ ಎಂಬ ಔಷಧ ಇತ್ತು, ಆದರೆ ಅದರ ಕಹಿಗೆ ಹೆದರಿ ಜ್ವರ ಇಳಿದೊಡನೆ ನಿಲ್ಲಿಸಿದವರಿಗೆ ಜ್ವರ ಮರುಕಳಿಸುತ್ತಿತ್ತು. ನನ್ನ ಮಟ್ಟಿಗೆ, ಊರುಗಳನ್ನು ಹೆಚ್ಚು ಬಸವಳಿಸಿದ್ದು ಪ್ಲೇಗಲ್ಲ, ಈ ಜ್ವರವೇ.

ಉತ್ತರ 3
1918ರ ಇನ್‌ಫ್ಲುಯೆಂಜಾವನ್ನೂ ಸೇರಿಸಿಕೊಳ್ಳಿ. ಅದು ಉಸಿರಿನಿಂದ ಹರಡಿದ್ದರಿಂದ ಗುಡಿಸಲಿಗೆ ಓಡಿದರೂ ಬಿಡಲಿಲ್ಲ, ಮತ್ತು ಮುದುಕರಿಗಿಂತ ದುಡಿಯುವ ವಯಸ್ಸಿನವರನ್ನೇ ಹೆಚ್ಚಾಗಿ ಕೊಂಡೊಯ್ದಿತು. ಮಳೆಯೂ ಕೈಕೊಟ್ಟಿದ್ದ ಆ ವರ್ಷ, ಬೆಳೆದಷ್ಟನ್ನು ಕೊಯ್ಯಲೂ ಕೆಲವು ಮನೆಗಳಲ್ಲಿ ಆಳಿರಲಿಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಹಾಗಾದರೆ ಮನೆಗೆ ಮರಳುವ ಮುನ್ನ ಹೆಂಚು ಸರಿಸಿ ಒಳಗೆ ಬಿಸಿಲು ಬಿಡುತ್ತಿದ್ದರೆಂದು ಕೇಳಿದ್ದರ ಅರ್ಥವೂ ಈಗ ಆಯಿತು: ಒಳಗೆ ಚಿಗಟ ಉಳಿಯದಿರಲೆಂದೇ ಇರಬೇಕು.